ನಮ್ಮ ಬ್ಯಾಂಡಿನ ದನಿ ಇಳಿದ ಮಳೆಗಾಲ

ನಾನು ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಭಾನುವಾರಗಳಲ್ಲಿ ಒಂದು ಮೆಟಲ್ ಬ್ಯಾಂಡಿನಲ್ಲಿ ಹಾಡುತ್ತೇನೆ. ಈ ಎರಡನೆಯದನ್ನು ಹೇಳಿದ ಕೂಡಲೇ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ, "ಯಾವ ಲಗ್ನಕ್ಕ ಬಾರಸ್ತೀರಿ?" ಬ್ಯಾಂಡ್ ಎಂದರೆ ನಮ್ಮಲ್ಲಿ ಮದುಮಗನ ಮುಂದೆ ಕೆಂಪು ಕೋಟು ತೊಟ್ಟು ನಡೆಯುವವರು. ನಾನು ವಿವರಿಸಲು ಹೋಗುವುದಿಲ್ಲ. ನಮ್ಮ ಡ್ರಮ್ಮರ್ ಮಾತ್ರ ಸುಮ್ಮನಿರುವವನಲ್ಲ. "ನಾವು ಬಾರಿಸಿದ್ರ ಆಗೂ ಲಗ್ನಾನೂ ಮುರೀತಾವ್ರಿ" ಎನ್ನುತ್ತಾನೆ.

ನಾವು ನಾಲ್ವರು, ಕಾಲೇಜಿನ ಕಾಲದಿಂದ ಜೊತೆಗಿದ್ದೇವೆ. ಗಿಟಾರ್ ನುಡಿಸುವವನು ಫೌಂಡ್ರಿಯೊಂದರಲ್ಲಿ ಸೂಪರ್‌ವೈಸರ್. ಮಹಾಂತೇಶ ನಗರದಲ್ಲಿರುವ ಅವನ ಮನೆಯ ಮೇಲಿನ ಕೋಣೆಯೇ ನಮ್ಮ ತಾಲೀಮಿನ ಜಾಗ. ಡ್ರಮ್ಮರ್ ಖಾನಾಪುರದವನು. ಮನೆಮಾತು ಮರಾಠಿ, ನಮ್ಮೊಡನೆ ಕನ್ನಡ, ಸಿಟ್ಟು ಬಂದಾಗ ಎರಡೂ. ಬಾಸ್ ನುಡಿಸುವವನಿಗೆ ಮಾತು ಕಡಿಮೆ, ಈ ಕಥೆಯಲ್ಲಿಯೂ ಅವನು ಹೆಚ್ಚು ಮಾತನಾಡುವುದಿಲ್ಲ.

ಶಿವಬಸವ ನಗರದ ನಮ್ಮ ಮನೆಯಲ್ಲಿ ಹಾಡಿಗೆ ಬರವಿರಲಿಲ್ಲ. ಅವ್ವ ಕಸ ಗುಡಿಸುತ್ತಲೇ ವಚನ ಹಾಡುವವಳು. ನನ್ನ ಕಂಠ ಮೇಲಕ್ಕೆ ಸಲೀಸಾಗಿ ಏರುತ್ತದೆ ಎಂದು ಚಿಕ್ಕಂದಿನಿಂದಲೂ ಎಲ್ಲರೂ ಹೇಳುತ್ತಿದ್ದರು. ಬ್ಯಾಂಡಿನಲ್ಲಿ ನನ್ನನ್ನು ಇಟ್ಟುಕೊಂಡದ್ದೂ ಅದಕ್ಕೇ. ನಮ್ಮ ಮೊದಲ ಹಾಡಿನ ಕೊನೆಯಲ್ಲಿ ಒಂದು ಸಾಲು ಗಿಟಾರನ್ನೂ ದಾಟಿ ಮೇಲೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಜನ ಆ ಸಾಲಿಗಾಗಿ ಕಾಯುತ್ತಿದ್ದರು. ನಾನು ಉಸಿರು ಎಳೆದುಕೊಳ್ಳುವುದನ್ನು ನೋಡಿಯೇ ಕೈಗಳು ಏಳುತ್ತಿದ್ದವು. ಬೆಳಗಾವಿಯಲ್ಲಿ ಕಾರ್ಯಕ್ರಮವಿದ್ದರೆ ಅವ್ವನೂ ಬಂದು ಒಂದು ಬದಿಗೆ ಕೂರುತ್ತಿದ್ದಳು. ನಮ್ಮ ಅಭಿಮಾನಿಗಳೇನು ಸಾವಿರಗಟ್ಟಲೆ ಇರಲಿಲ್ಲ. ಬೆಳಗಾವಿಯ ಒಂದಿಷ್ಟು ಕಾಲೇಜು ಹುಡುಗ ಹುಡುಗಿಯರು, ಫೌಂಡ್ರಿಯ ಕೆಲಸಗಾರರು, ಖಾನಾಪುರದ ಕಡೆಯ ಒಂದು ಗುಂಪು. ಕನ್ನಡದವರು ನನ್ನನ್ನು ಅಕ್ಕಾ ಎನ್ನುವರು, ಮರಾಠಿಯವರು ತಾಈ ಎನ್ನುವರು. ಆ ಸಾಲನ್ನು ಫೋನಿನ ರಿಂಗ್‌ಟೋನ್ ಮಾಡಿಕೊಂಡವರೂ ಇದ್ದರು. ಒಮ್ಮೆ ಬಸ್ ನಿಲ್ದಾಣದಲ್ಲಿ ಯಾರದೋ ಕಿಸೆಯೊಳಗಿಂದ ನನ್ನದೇ ದನಿ ಕೇಳಿ ನಾನು ತಿರುಗಿ ನೋಡಿದ್ದೆ.

ಆ ದನಿ ಹೋಯಿತು. ಒಮ್ಮೆಲೇ ಹೋಗಲಿಲ್ಲ. ಮೊದಲು ಸಂಜೆಯ ಹೊತ್ತಿಗೆ ಗಂಟಲು ಕಟ್ಟುತ್ತಿತ್ತು. ದಿನವಿಡೀ ಕ್ಲಾಸಿನಲ್ಲಿ ಕೂಗಿ ಕಲಿಸುವವರಿಗೆ ಇದು ಇದ್ದದ್ದೇ ಎಂದುಕೊಂಡು ಬಿಸಿನೀರು ಕುಡಿದೆ, ಜ್ಯೇಷ್ಠಮಧು ಅಗಿದೆ. ಒಂದು ಭಾನುವಾರ ತಾಲೀಮಿನಲ್ಲಿ ಆ ಸಾಲಿಗೆ ಬಂದಾಗ ಬಾಯಿ ತೆರೆದೆ, ಬರೀ ಗಾಳಿ ಬಂತು. ಮೂವರೂ ನುಡಿಸುವುದನ್ನು ನಿಲ್ಲಿಸಿದರು.

ಗಂಟಲಿನ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಧ್ವನಿತಂತುಗಳ ಅಂಚಿನಲ್ಲಿ ಎರಡು ಪುಟ್ಟ ಗಂಟುಗಳಿದ್ದವು. ಮೊದಲು ಸಂಪೂರ್ಣ ಮೌನ, ಆಮೇಲೆ ದನಿಯ ವ್ಯಾಯಾಮ, ಅದಕ್ಕೂ ಬಗ್ಗದಿದ್ದರೆ ಆಪರೇಶನ್ ಎಂದರು.

ನಾನು ರಜೆ ಹಾಕಿ ಮನೆಯಲ್ಲಿ ಬಾಯಿ ಮುಚ್ಚಿ ಕೂತೆ. ಮೊದಮೊದಲು ಅವ್ವ ನನ್ನ ಪಾಲಿನದನ್ನೂ ಸೇರಿಸಿ ಮಾತನಾಡುತ್ತಿದ್ದಳು. ಕ್ರಮೇಣ ಅವಳ ದನಿಯೂ ಇಳಿಯಿತು, ಕೊನೆಗೆ ಅವಳೂ ಸನ್ನೆಗೆ ಬಂದಳು. ಅವಳು ಕಸ ಗುಡಿಸುವಾಗ ಹಾಡುವುದನ್ನೂ ಬಿಟ್ಟಿದ್ದಳು. ಹಾಡಿದರೆ ನನಗೆ ಆಸೆಯಾದೀತು ಎಂದು ಹೆದರಿದ್ದಳಂತೆ. ಕುಕ್ಕರಿನ ಸೀಟಿ ಹೊಡೆದರೆ ಇಬ್ಬರೂ ಬೆಚ್ಚಿಬೀಳುವಷ್ಟು ಮನೆ ಸುಮ್ಮನಿತ್ತು.

ಗಂಟುಗಳು ಕರಗಿದವು, ಆಪರೇಶನ್ ಬೇಕಾಗಲಿಲ್ಲ. ಮಾತು ಮರಳಿತು. ಹಾಡು ಅರ್ಧ ಮಾತ್ರ ಮರಳಿತು. ಒಂದು ಎತ್ತರದವರೆಗೆ ದನಿ ಹೋಗುತ್ತಿತ್ತು, ಅದರಾಚೆ ಬಾಗಿಲು ಹಾಕಿದಂತೆ. ಅದನ್ನು ತಳ್ಳಬೇಡಿ, ತಳ್ಳಿದರೆ ಮತ್ತೆ ಗಂಟು ಕಟ್ಟುತ್ತದೆ ಎಂದು ಡಾಕ್ಟರು ಹೇಳಿದರು.

ಮಹಾಂತೇಶ ನಗರದ ಆ ಕೋಣೆಗೆ ಹೋಗಿ ಬೇರೆ ಹಾಡುಗಾರ್ತಿಯನ್ನು ನೋಡಿಕೊಳ್ಳಿ ಎಂದೆ. ಮನೆಯಿಂದ ಬರುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಆದ್ದರಿಂದ ಅಳದೆ ಹೇಳಲು ಸಾಧ್ಯವಾಯಿತು. ಗಿಟಾರಿನವನು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ತಂತಿಗಳನ್ನು ಒಂದೊಂದಾಗಿ ಸಡಿಲಿಸತೊಡಗಿದ. ಶ್ರುತಿ ಇಳಿಯುತ್ತ ಇಳಿಯುತ್ತ ಕೊನೆಗೆ ತಂತಿಯ ಒಂದೇ ಹೊಡೆತಕ್ಕೆ ಕಿಟಕಿಯ ಗಾಜು ಗುಂಯ್‌ಗುಟ್ಟಿತು.

"ನೀ ಮ್ಯಾಲ ಬರಾಕ ಆಗೂದಿಲ್ಲಂದ್ರ ನಾವ ಕೆಳಗ ಬರ್ತೀವಿ" ಎಂದ.

"ಕೆಳಗ ಬಂದು ನಾ ಏನ ಹಾಡ್ಲಿ?"

"ಹಾಡಬ್ಯಾಡ. ಗುಡುಗು" ಎಂದ ಡ್ರಮ್ಮರ್.

ಮೆಟಲ್ ಕೇಳುವವರಿಗೆ ಈ ಗುಡುಗುವ ದನಿ ಹೊಸದಲ್ಲ, ಗ್ರೌಲ್ ಎನ್ನುತ್ತಾರೆ. ನಾನು ಕೇಳಿದ್ದೆ, ಆದರೆ ನನ್ನಿಂದ ಅದು ಬರುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ದನಿಯ ವ್ಯಾಯಾಮ ಕಲಿಸುತ್ತಿದ್ದ ಥೆರಪಿಸ್ಟ್ ನನಗಿಂತ ಚಿಕ್ಕವಳು. ವಿಷಯ ತೆಗೆದೊಡನೆ ಕೈ ಅಡ್ಡ ಆಡಿಸಿದಳು. "ಮೇಡಮ್, ಇಷ್ಟು ದಿನಾ ನಾ ಮಾಡಿದ್ದೆಲ್ಲಾ ನೀರಾಗ ಹೋಮ ಮಾಡಬ್ಯಾಡ್ರಿ." ಮುಂದಿನ ಸಲ ಹೋದಾಗ ಅವಳೇ ಮಾತೆತ್ತಿದಳು. ಅದರ ಬಗ್ಗೆ ಓದಿಕೊಂಡು ಬಂದಿದ್ದಳು. "ಸರಿಯಾಗಿ ಮಾಡಿದ್ರ ಧ್ವನಿತಂತಿಗೆ ಭಾರ ಬೀಳೂದಿಲ್ಲಂತ್ರಿ. ಅದರ ಮ್ಯಾಲಿನ ಮಡಿಕಿ ನಡುಗತಾವಂತ. ಮಾಡ್ರಿ ನೋಡೂಣು, ಕ್ಯಾಮೆರಾ ಹಾಕೇ ನೋಡೂಣು. ಒಂದ ಮಾತು, ಗಂಟ್ಲ ಸಡ್ಲ ಇರಬೇಕು. ನೋವಾತಂದ್ರ ಅಲ್ಲೇ ನಿಂದರಸ್ರಿ."

ಎಷ್ಟೋ ವಾರ ಆ ಗುಡುಗು ಬರಲೇ ಇಲ್ಲ. ಕೆಮ್ಮು ಬರುತ್ತಿತ್ತು, ಕಪ್ಪೆ ವಟಗುಟ್ಟಿದಂತೆ ಏನೋ ಬರುತ್ತಿತ್ತು, ನಗು ಬರುತ್ತಿತ್ತು. ಮನೆಯಲ್ಲಿ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಮಾಡುತ್ತಿದ್ದೆ. ಹೊರಗೆ ಅವ್ವನ ನೆರಳು ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಅವಳು ಬೈಯಲಿಲ್ಲ, ಇದೇನು ಅವತಾರ ಎಂದೂ ಕೇಳಲಿಲ್ಲ. ನಾನು ಹೊರಬಂದಾಗಲೆಲ್ಲ ಒಂದೇ ಪ್ರಶ್ನೆ: "ನೋವಾತೇನು?"

"ಇಲ್ಲವ್ವಾ."

"ನೋವಾದ್ರ ಹೇಳು. ನೀ ನೋವಿಗೆ ಚೀರಿದ್ರೂ ನನಗ ಇನ್ನ ಗೊತ್ತಾಗೂದಿಲ್ಲ."

ಒಂದು ದಿನ ತಾಲೀಮಿನ ಕೋಣೆಯಲ್ಲಿ ಅದು ತಾನಾಗಿ ಬಂತು. ಹೊಟ್ಟೆಯಿಂದ ಉಸಿರು ಎದ್ದು ಬಂದು, ಗಂಟಲಿಗೆ ಏನೂ ಕೆಲಸವೇ ಇಲ್ಲವೆಂಬಂತೆ ದಾಟಿ, ಕಬ್ಬಿಣದ ತಿಜೋರಿಯನ್ನು ಕಲ್ಲು ಹಾಸಿನ ಮೇಲೆ ಎಳೆದಂಥ ಸದ್ದಾಗಿ ಹೊರಬಿತ್ತು. ಡ್ರಮ್ಮರನ ಕೋಲು ಗಾಳಿಯಲ್ಲೇ ನಿಂತಿತು. "ಆಯ್ಲಾ! ಅದು ನಿನ್ನೊಳಗಿಂದ ಬಂತ?" ಎಂದ. ಬಾಸಿನವನು ಚಪ್ಪಾಳೆ ತಟ್ಟಿದ. ಅದು ಅವನ ಮಟ್ಟಿಗೆ ಭಾಷಣವೇ.

ಹೊಸ ಹಾಡುಗಳು ಭಾರವಾಗಿ, ನಿಧಾನವಾಗಿ ಹುಟ್ಟಿದವು. ಮೊದಲನೆಯದನ್ನು ಆ ಕೋಣೆಯಲ್ಲೇ ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದೆವು. ಜೊತೆಗೆ ನಮ್ಮ ಮುಖಗಳಿರಲಿಲ್ಲ. ಜಾಂಬೋಟಿ ರಸ್ತೆಯಲ್ಲಿ ಡ್ರಮ್ಮರ್ ತೆಗೆದ ಮೋಡದ ಚಿತ್ರವೊಂದಿತ್ತು, ಅಷ್ಟೇ. ಮುಖ ತೋರಿಸಲು ನನಗೆ ಧೈರ್ಯವಿರಲಿಲ್ಲ. ಗಂಟಲಿನ ಕಾಯಿಲೆಯ ಸುದ್ದಿಯನ್ನೂ ಯಾರಿಗೂ ಹೇಳಬಾರದೆಂದು ನಾನೇ ಹಟ ಹಿಡಿದಿದ್ದೆ. ಪಾಪ ಎನ್ನಿಸಿಕೊಂಡು ಮೆಚ್ಚುಗೆ ಪಡೆಯುವುದು ಬೇಡವಾಗಿತ್ತು.

ಮರುದಿನ ಶಾಲೆಯ ಊಟದ ಬಿಡುವಿನಲ್ಲಿ ಫೋನ್ ತೆಗೆದೆ. "ಅಕ್ಕಾ ಎಲ್ಲಿ?" ಎಂದು ಮೊದಲನೆಯವರು ಬರೆದಿದ್ದರು. "ಹಳೇ ದನಿ ವಾಪಸ್ ಕೊಡ್ರಿ" ಎಂದು ಇನ್ನೊಬ್ಬರು. "ಇದು ಹಾಡೋ, ಗಿರಣಿಯೋ?" "ತಾಈ ಹೋದಳು, ಬ್ಯಾಂಡೂ ಹೋಯಿತು" ಎಂದು ಮರಾಠಿಯಲ್ಲಿ ಒಬ್ಬರು. ಮೆಚ್ಚಿದವರೂ ಇದ್ದರು. ಎಲ್ಲೆಲ್ಲಿಯವರೋ, ಎಂದೂ ಕಾಣದವರು, ಇಂಥದ್ದು ಕನ್ನಡದಲ್ಲಿ ಬಂತಲ್ಲ ಎಂದು ಕುಣಿದಾಡಿದ್ದರು. ಆದರೆ ನನ್ನ ಮನಸ್ಸು ಲೆಕ್ಕ ಹಾಕಿದ್ದು ಬೇರೆ ಥರ. ಹೊಗಳಿದವರೆಲ್ಲ ಹೊರಗಿನವರು, ಬೈದವರೆಲ್ಲ ನಮ್ಮವರು. ಅಕ್ಕ ಹೋದಳು ಎಂದರೆ ಅವರು ಪ್ರೀತಿಸುತ್ತಿದ್ದ ಆ ಅಕ್ಕ ಸತ್ತಳು, ಈಗ ಇರುವವಳು ಅವರಿಗೆ ಬೇಡ ಎಂದೇ ನಾನು ಓದಿಕೊಂಡೆ. ಗಿಟಾರಿನವನೂ ಹಾಗೇ ಓದಿಕೊಂಡ. ಡಬ್ಬಿಯಲ್ಲಿದ್ದ ರೊಟ್ಟಿ ಅಂದು ಹಾಗೇ ಮನೆಗೆ ಹೋಯಿತು.

ಎಲ್ಲಕ್ಕಿಂತ ಚುಚ್ಚಿದ್ದು ಖಾನಾಪುರದ ಗುಂಪಿನ ಮುಖ್ಯಸ್ಥ ಬರೆದದ್ದು. ಅವರು ಲೈನ್‌ಮನ್. ಜಾಂಬೋಟಿ ಕಡೆಯ ಗೌಳಿಗರ ಮನೆತನ, ಮನೆಯಲ್ಲಿ ಇನ್ನೂ ಎಮ್ಮೆ ಕಟ್ಟುತ್ತಾರೆ. ನಮ್ಮ ಪ್ರತಿ ಕಾರ್ಯಕ್ರಮಕ್ಕೂ ಮುಂದಿನ ಸಾಲಿನಲ್ಲಿ ನಿಂತು ಕೈ ಎತ್ತುವವರಲ್ಲಿ ಮೊದಲಿಗರು. ಅವರು ಬರೆದಿದ್ದರು: "ನಿಮ್ಮಿಂದ ಇಂಥಾದ್ದು ಆಗ್ತದಂತ ತಿಳದಿರಲಿಲ್ಲ. ಖಾನಾಪುರಕ್ಕ ಬರ್ತೀರಲ್ಲ, ಬರ್ರಿ. ಎದುರಾಬದರಾ ಮಾತಾಡೂಣು."

ಖಾನಾಪುರದ ಕಾರ್ಯಕ್ರಮ ಮೊದಲೇ ಗೊತ್ತಾಗಿತ್ತು. ಆಷಾಢದಲ್ಲಿ ಲಗ್ನಗಳಿಲ್ಲದ್ದರಿಂದ ಒಂದು ಮಂಗಲ ಕಾರ್ಯಾಲಯ ಖಾಲಿ ಸಿಕ್ಕಿತ್ತು. ಹಳ್ಳಿಯವರಿಗೆ ಕೊನೆಯ ಬಸ್ಸು ತಪ್ಪಬಾರದೆಂದು ಮಧ್ಯಾಹ್ನವೇ ಇಟ್ಟಿದ್ದರು. ರದ್ದು ಮಾಡೋಣವೇ ಎಂದು ನಾನು ಕೇಳಿದೆ. "ನಮ್ಮೂರಿಗೆ ಹೆದರಿ ಓಡಿದೆ ಅನ್ನಿಸ್ಕೊಂಡ್ರ ನಾ ಮತ್ತ ಆ ಸ್ಟೇಶನ್ನಿನ್ಯಾಗ ಇಳಿಯೂದು ಹ್ಯಾಂಗ?" ಎಂದ ಡ್ರಮ್ಮರ್.

ಹೋದೆವು. ಟೆಂಪೋದಲ್ಲಿ ಸಾಮಾನು, ಮೇಲೆ ತಾಡಪತ್ರಿ, ದಾರಿಯುದ್ದಕ್ಕೂ ಜಡಿಮಳೆ. ಕಾರ್ಯಾಲಯದ ಮೇಲೆ ತಗಡಿನ ಮಾಡು. ನಾವು ನುಡಿಸದಿದ್ದರೂ ಒಳಗೆ ಡ್ರಮ್ ಬಾರಿಸಿದಂತೆಯೇ ಇತ್ತು. ನನ್ನನ್ನು ಮದುಮಗಳ ಕೋಣೆಯಲ್ಲಿ ಕೂರಿಸಿದರು. ಕನ್ನಡಿಯ ಅಂಚಿನ ತುಂಬ ಯಾರ್ಯಾರೋ ಮದುವಣಗಿತ್ತಿಯರು ಅಂಟಿಸಿ ಹೋದ ಹಣೆಯ ಟಿಕಳಿಗಳು. ಅವುಗಳ ನಡುವೆ ಕಪ್ಪು ಅಂಗಿಯ ನನ್ನ ಮುಖ ನೋಡಿಕೊಂಡು, ಗಂಟಲು ಸಡಿಲ, ಗಂಟಲು ಸಡಿಲ ಎಂದು ಹೇಳಿಕೊಳ್ಳುತ್ತಿದ್ದೆ.

ಬಾಗಿಲ ಪರದೆಯ ಸಂದಿಯಿಂದ ಸಭಾಂಗಣ ಕಾಣುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳು ಮುಕ್ಕಾಲು ತುಂಬಿದ್ದವು. ಲೈನ್‌ಮನ್ ತಮ್ಮ ಗುಂಪಿನೊಡನೆ ಬಂದರು. ಕಂಕುಳಲ್ಲಿ ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಸುತ್ತಿದ ಉದ್ದನೆಯ ಫ್ಲೆಕ್ಸ್ ಸುರುಳಿ. ಡ್ರಮ್ಮರ್ ಓಡಿಬಂದು ಪಿಸುಗುಟ್ಟಿದ, "ಏನೋ ಬರಸ್ಕೊಂಡ ಬಂದಾರ."

"ಏನು?"

"ಓದಾಕ ಕೊಡ್ಲಿಲ್ಲ. ನನ್ನ ನೋಡಿ ಮಾರಿ ತಿರಿವಿದ್ರು."

ಹೊಸ ಹಾಡಿನಿಂದಲೇ ಶುರು ಮಾಡುವುದೆಂದು ಮಾತಾಗಿತ್ತು. ಅದರ ಆರಂಭದಲ್ಲಿ ಬಹಳ ಹೊತ್ತು ಬರೀ ವಾದ್ಯಗಳು, ನನ್ನ ಪ್ರವೇಶ ಆಮೇಲೆ. ಮೂವರೂ ವೇದಿಕೆ ಏರಿದರು. ಮೂವರನ್ನಷ್ಟೇ ಕಂಡು ಸಭೆಯಲ್ಲಿ ಗುಸುಗುಸು ಎದ್ದಿತು. ಗಿಟಾರಿನ ಮೊದಲ ಪೆಟ್ಟು ಬಿದ್ದಾಗ ನೆಲ ನಡುಗಿದ್ದು ನನ್ನ ಅಂಗಾಲಿಗೆ ತಿಳಿಯಿತು. ಲೈನ್‌ಮನ್ ಎದ್ದು ನಿಂತರು. ಅವರ ಹಿಂದೆ ಇಡೀ ಗುಂಪು ಎದ್ದಿತು. ಸುರುಳಿಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಗೆಳೆಯನ ಕೈಯಲ್ಲಿ. ಬಿಚ್ಚತೊಡಗಿದರು.

ನನ್ನ ಸರದಿ ಬಂತು. ಹೊಟ್ಟೆಯಲ್ಲಿ ಹೆದರಿಕೆ ಇತ್ತು, ಆದರೆ ಉಸಿರೂ ಅಲ್ಲೇ ಇತ್ತು. ಪರದೆ ಸರಿಸಿ ಮೈಕು ಹಿಡಿದು ನಡೆದು ಹೋಗಿ ವೇದಿಕೆಯ ನಡುವೆ ನಿಂತು ಗುಡುಗಿದೆ.

ಫ್ಲೆಕ್ಸ್ ಅರ್ಧಕ್ಕೇ ನಿಂತಿತು. ಲೈನ್‌ಮನ್ ಬಾಯಿ ತೆರೆದು ನನ್ನನ್ನು ನೋಡಿದರು, ಗಿಟಾರಿನವನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಗೆಳೆಯನ ಕೈಯಿಂದ ಇನ್ನೊಂದು ತುದಿ ಜಾರಿ ಸುರುಳಿ ತಾನಾಗಿ ಸುತ್ತಿಕೊಂಡಿತು. ನಾನು ಹಾಡು ನಿಲ್ಲಿಸಲಿಲ್ಲ. ಹಾಡು ಮುಗಿದಾಗ ಚಪ್ಪಾಳೆ ಇಲ್ಲ, ಕೂಗು ಇಲ್ಲ. ಮಾಡಿನ ಮೇಲೆ ಮಳೆ ಮಾತ್ರ.

ಲೈನ್‌ಮನ್ ಕೇಳಿದರು, "ಅಕ್ಕಾ, ಈಗ ಹಾಡಿದ್ದು ನೀವಾ?"

"ನಾನ ರೀ."

"ಫೋನಿನ್ಯಾಗ ಬಿಟ್ಟಿದ್ರಲ್ಲ, ಆ ಹಾಡಿನ್ಯಾಗೂ?"

"ಅದರಾಗೂ ನಾನ."

ಅವರು ಧೊಪ್ಪೆಂದು ಕುರ್ಚಿಯಲ್ಲಿ ಕೂತರು. ತಲೆಯ ಮೇಲೆ ಕೈ ಇಟ್ಟುಕೊಂಡು ಹೇಳಿದರು, "ಅಯ್ಯ ನಮ್ಮವ್ವಾ! ನಿಮ್ಮನ್ನ ತಗದು ಯಾವನೋ ಗಂಡಸನ್ನ ತಂದ ಹಾಕ್ಯಾರಂತ ತಿಳದಿದ್ವಿ ನಾವು!"

ಡ್ರಮ್ಮರ್ ವೇದಿಕೆಯಿಂದ ಜಿಗಿದು ಹೋಗಿ ಸುರುಳಿ ಬಿಚ್ಚಿದ. ದಪ್ಪ ಕೆಂಪಕ್ಷರಗಳಲ್ಲಿ "ನಮ್ಮ ಅಕ್ಕನ್ನ ವಾಪಸ್ ಕರೀರಿ" ಎಂದಿತ್ತು. ಕೆಳಗೆ ಅದೇ ಮಾತು ಮರಾಠಿಯಲ್ಲಿ. ಡ್ರಮ್ಮರ್ ಅದನ್ನು ಎರಡೂ ಭಾಷೆಯಲ್ಲಿ ಗಟ್ಟಿಯಾಗಿ ಓದಿದ. ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಮತ್ತು ಕಣ್ಣಲ್ಲಿ ನೀರು ಬಂದು ಗಿಟಾರಿನವನ ಕಡೆ ತಿರುಗಿ ನಿಂತೆ. ಅಕ್ಕಾ ಎಲ್ಲಿ ಎಂದರೆ ಅಕ್ಕಾ ಎಲ್ಲಿ ಎಂದೇ ಅರ್ಥ! ಜನ ಬರೆದದ್ದನ್ನು ಬರೆದ ಹಾಗೇ ಓದುವ ಬದಲು ನಾನು ನನ್ನ ಭಯವನ್ನು ಓದಿಕೊಂಡಿದ್ದೆ. ಆ ವಾರಗಳಲ್ಲಿ ಅವರು ನನ್ನ ಪರವಾಗಿ ನನ್ನೊಡನೆಯೇ ಜಗಳವಾಡುತ್ತಿದ್ದರು.

ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ಮಷೀನ್ ಗಿಷೀನ್ ಹಚ್ಚೀರಿ ಏನ? ಹಂಗ ಮಾಡಿ ತೋರಸ್ರಿ!"

ಮೈಕು ಕೆಳಗಿಟ್ಟೆ. ವಾದ್ಯಗಳಿಗೆ ಸುಮ್ಮನಿರಿ ಎಂದು ಕೈ ಮಾಡಿ, ವೇದಿಕೆಯ ಅಂಚಿಗೆ ಬಂದು ಬರೀ ಬಾಯಿಂದ ಇನ್ನೊಮ್ಮೆ ಗುಡುಗಿದೆ. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಹಿಂದಕ್ಕೆ ವಾಲಿ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಎದ್ದಂಥ ಕೂಗು ನಮ್ಮ ಹಳೆಯ ಸಾಲಿಗೆ ಎಂದೂ ಎದ್ದಿರಲಿಲ್ಲ.

ಅಷ್ಟಾದ ಮೇಲೆ ನನ್ನ ಗಂಟಲಿನ ಕಥೆ ಹೇಳುವುದು ಕಷ್ಟವೆನಿಸಲಿಲ್ಲ. ಮೇಲಿನ ದನಿ ಹೋಗಿದೆ, ಬಹುಶಃ ಮರಳುವುದಿಲ್ಲ ಎಂದೆ. ಯಾರೂ ಪಾಪ ಎನ್ನಲಿಲ್ಲ. "ಹಂಗಾದ್ರ ಇದನ್ನ ನಡಸ್ರಿ" ಎಂದರು ಯಾರೋ, ಬಸ್ಸಿನ ದಾರಿ ಬದಲಾದದ್ದನ್ನು ಒಪ್ಪಿಕೊಂಡಷ್ಟು ಸಲೀಸಾಗಿ. ಹಳೆಯ ಹಾಡನ್ನೂ ಕೇಳಿದರು. ಇಳಿಸಿದ ಶ್ರುತಿಯಲ್ಲಿ ಹಾಡಿದೆವು. ಅದು ಅಷ್ಟೇನೂ ಕೂಡಲಿಲ್ಲ, ಕೊನೆಯ ಸಾಲು ಎಲ್ಲೋ ಕುಸಿದು ಕೂತಿತು. ಕಾಲೇಜಿನ ಕೆಲವರು ನಡುವೆಯೇ ಎದ್ದು ಛತ್ರಿ ಬಿಚ್ಚಿಕೊಂಡು ಹೋದರು. ಹೋದವರು ಬಸ್ಸಿಗಾಗಿ ಹೋದರೋ ಬೇಸರವಾಗಿ ಹೋದರೋ ನಾನು ವಿಚಾರಿಸಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಸೆರಗು ಒತ್ತಿಕೊಂಡಿದ್ದ ಆ ಹೆಂಗಸು ಬಂದರು. ಖಾನಾಪುರದ ಹತ್ತಿರದ ಹಳ್ಳಿಯೊಂದರ ಅಂಗನವಾಡಿ ಟೀಚರಂತೆ. "ಖರೇ ಹೇಳ್ಲಿರಿ? ಸಿಟ್ಟಾಗಬ್ಯಾಡ್ರಿ" ಎಂದರು.

"ಹೇಳ್ರಿ."

"ನನಗ ಹಳೇದ ಛಲೋ ಇತ್ತು. ಇದು ಎದಿಯಾಗ ಧಸಕ್ ಅಂತೈತಿ."

"ಹೌದ್ರಿ, ಅದು ಹಂಗ ಐತಿ."

"ಆದ್ರ ಬರ್ತೀನಿ ಬಿಡ್ರಿ. ನೀವ ಅದೀರಿ ಅಂದ್ರ ಬರ್ತೀನಿ. ಕಿವಿಗೆ ಹತ್ತಿ ಇಟ್ಕೊಂಡ ಬರ್ತೀನಿ."

ಇಷ್ಟು ಒಳ್ಳೆಯ ಟೀಕೆಯನ್ನು ನಾನು ಬೇರೆಲ್ಲೂ ಪಡೆದಿಲ್ಲ.

ಲೈನ್‌ಮನ್ ಚಹಾ ಮಿರ್ಚಿಭಜಿ ತರಿಸಿದರು. ತಾವು ಬರೆದದ್ದಕ್ಕೆ ಸಂಕೋಚಪಟ್ಟುಕೊಂಡು ಭಜಿಯ ತಟ್ಟೆಯನ್ನು ಮತ್ತೆ ಮತ್ತೆ ನನ್ನ ಕಡೆಗೇ ತಳ್ಳಿದರು. ಕೊನೆಗೆ ಹೇಳಿದರು, "ಅಕ್ಕಾ, ಒಂದ ತ್ರಾಸ ಐತ್ರಿ. ಹಳೇ ಸಾಲನ್ನ ಕಂಬದ ಮ್ಯಾಲ ಕುಂತು ಗುನಗತಿದ್ದೆ. ಈ ಹೊಸಾದನ್ನ ಗುನಗೂದು ಹ್ಯಾಂಗ?" ಪ್ರಯತ್ನವನ್ನೂ ಮಾಡಿದರು. ಕೆಮ್ಮು ಬಂದು ಕಣ್ಣು ಕೆಂಪಾದವು. ನಾನು ನನ್ನ ಥೆರಪಿಸ್ಟಿನ ದನಿಯಲ್ಲೇ ಗದರಿದೆ, "ನೋವಾತಂದ್ರ ನಿಂದರಸ್ರಿ! ಮತ್ತ ಕಂಬದ ಮ್ಯಾಲಂತೂ ಮಾಡಬ್ಯಾಡ್ರಿ."

ಆ ವಾರವೇ ಡಾಕ್ಟರ ಬಳಿ ತಪಾಸಣೆ ಇತ್ತು. ಇಷ್ಟು ದಿನ ಕೋಣೆಯಲ್ಲಿ ಮಾಡಿದ್ದು ಬೇರೆ, ಅಂದು ಸಭೆಯಲ್ಲಿ ಎರಡು ತಾಸು ಗುಡುಗಿದ್ದು ಬೇರೆ. ಕ್ಯಾಮೆರಾ ಇಳಿಯುವಾಗ ನಾನು ಪರದೆ ನೋಡಲಿಲ್ಲ, ಡಾಕ್ಟರ ಹುಬ್ಬು ನೋಡುತ್ತಿದ್ದೆ. ಅದು ಅಲುಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಥೆರಪಿಸ್ಟ್ ನನ್ನ ಭುಜ ತಟ್ಟಿದಳು. "ನೋಡ್ರಿ ಮೇಡಮ್, ಧ್ವನಿತಂತಿ ಎಷ್ಟ ಬೆಳ್ಳಗ ಅದಾವ. ಒಂದ ಗೀರೂ ಇಲ್ಲ." ಆಗ ನೋಡಿದೆ. ನಿಜಕ್ಕೂ ಬೆಳ್ಳಗಿದ್ದವು.

ಮನೆಗೆ ಬಂದಾಗ ಅವ್ವ ಬಾಗಿಲ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಏನೂ ಆಗಿಲ್ಲವಂತೆ ಎಂದೆ. ಮೊರವನ್ನು ಪಕ್ಕಕ್ಕಿಟ್ಟು ಸೀರೆಗೆ ಕೈ ಒರೆಸಿಕೊಂಡಳು.

"ಒಂದ ಮಾತ ಹೇಳ್ಲೇನು?" ಎಂದಳು. "ಆ ಹಳೇ ಹಾಡಿನ ಮ್ಯಾಲಿನ ಸಾಲ ಬಂದಾಗೆಲ್ಲಾ ಜನಾ ಕೈ ಎತ್ತತಿದ್ರು. ನಾ ಕಣ್ಣ ಮುಚ್ಕೋತಿದ್ದೆ."

"ಯಾಕವಾ? ಚಲೋ ಇರ್ಲಿಲ್ಲೇನು?"

"ಚಲೋ ಇತ್ತು. ಆದ್ರ ನಿನ್ನ ಕುತ್ತಿಗಿ ನರಾ ಹಗ್ಗದಂಗ ಉಬ್ಬತಿದ್ವು. ಯಾವಾಗ ಹರೀತಾವೋ ಅಂತ ಜೀವಾ ಹಿಡ್ಕೊಂಡ ಕುಂದ್ರತಿದ್ದೆ. ಈಗ ಹಂಗಿಲ್ಲ. ಮೊನ್ನಿ ನಿನ್ನ ಖೋಲಿ ಬಾಗ್ಲಾ ಒಂದೀಟ ಸರಸಿ ನೋಡಿದೆ. ದನಿ ರಾಕ್ಷಸಂದು, ಕುತ್ತಿಗಿ ಮಾತ್ರ ನಿದ್ದಿ ಹೋದ ಕೂಸಿನ ಕುತ್ತಿಗಿ ಇದ್ದಂಗ ಐತಿ."

ಹೇಳಿ ಮೊರವನ್ನು ಮತ್ತೆ ತೊಡೆಗೆ ಎಳೆದುಕೊಂಡಳು. ನಾನು ಚಪ್ಪಲಿ ಬಿಚ್ಚದೆ ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು ಅಕ್ಕಿಯೊಳಗಿನ ಕಲ್ಲು ಹುಡುಕತೊಡಗಿದೆ.